ಹೊಡೆಯೋಕೆ ಮೆಷಿನ್ ರೆಡಿ, ಕಲ್ಲೆಲ್ಲಿ?

ಕಿಡ್ನಿಯಲ್ಲಿ ಕಲ್ಲಿದೆ ಅಂತ ಗೊತ್ತಾದ ದಿನದಿಂದ ನಾನು ಊರಿಗೆಲ್ಲ ಬೇಕಾದವನಾದೆ. ಎದುರುಮನೆಯವರು ಬಾಳೆದಿಂಡಿನ ರಸ ಅಂದರು. ಭಾವ ಹುರುಳಿಕಟ್ಟು ಅಂದರು. ಆಫೀಸಿನ ಗೆಳೆಯ ಬಿಯರ್ ಅಂದ, ಜೊತೆಗೆ ತಾನೂ ಬರುತ್ತೇನೆ ಅಂದ. ನಾನು ಸುಮ್ನೆ ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ ಕಲ್ಲು ಒಡೆಯುವ ಮೆಷಿನ್ ಇದೆಯಲ್ಲ, ಟೇಪ್ ಕತ್ತರಿಸಿದ ಫೋಟೊ ನೀವೂ ನೋಡಿರುತ್ತೀರಿ. ಫೋಟೊದಲ್ಲಿ ಹನ್ನೊಂದು ಜನ ಇದ್ದಾರೆ. ಮೆಷಿನ್ ಅವರ ಹಿಂದೆ ಎಲ್ಲೋ ಇದೆ.

ಈಗಲೂ ಇದೆ. ಮೈ ಕೊಯ್ಯದೆ ಹೊರಗಿನಿಂದಲೇ ಕಲ್ಲು ಪುಡಿ ಮಾಡುವ ಶಾಕ್ ವೇವ್, ಅಂದರೆ ಒತ್ತಡದ ಅಲೆಯ ಹೊಡೆತವೂ ಬರುತ್ತದಂತೆ. ಎಲ್ಲಿಗೆ ಹೊಡೆಯಬೇಕು ಅಂತ ತೋರಿಸುವ ಎಕ್ಸ್-ರೇ ಭಾಗ ಮಾತ್ರ ಕೆಟ್ಟಿದೆ. "ಶಾಕ್ ವೇವ್ ಚೆನ್ನಾಗಿದೆ ಸಾರ್, ಕಲ್ಲು ಕಾಣಲ್ಲ ಅಷ್ಟೇ" ಅಂದರು ಅಲ್ಲಿನವರು. ಕಣ್ಣಿಗೆ ಬಟ್ಟೆ ಕಟ್ಟಿ ಮಡಕೆ ಒಡೆಸುವ ಆಟ ನೆನಪಾಯಿತು. ಅಲ್ಲಿ ಗುರಿ ತಪ್ಪಿದರೆ ಜನ ನಗುತ್ತಾರೆ. ಇಲ್ಲಿ ಅಕ್ಕಪಕ್ಕ ಕರುಳಿದೆ, ಶ್ವಾಸಕೋಶ ಇದೆ.

1980ರ ಫೆಬ್ರವರಿಯಲ್ಲಿ ಮ್ಯೂನಿಕ್‌ನಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ಕೊಟ್ಟರು. ಮೆಷಿನ್ ಮಾಡಿದ್ದು ಡೋರ್ನಿಯರ್ ಎಂಬ ವಿಮಾನ ಕಂಪನಿ. ರೋಗಿಯನ್ನು ನೀರಿನ ತೊಟ್ಟಿಗೆ ಇಳಿಸಿ, ಎರಡು ದಿಕ್ಕಿನಿಂದ ಎಕ್ಸ್-ರೇ ಹಾಯಿಸಿ, ಕಲ್ಲನ್ನು ಗುರಿಗೆ ತಂದು ಆಮೇಲೆ ಹೊಡೆದರು. ಉಸಿರಾಡಿದರೆ ಕಿಡ್ನಿ ಮೇಲೆ ಕೆಳಗೆ ಆಡುತ್ತದೆ, ಜೊತೆಗೆ ಕಲ್ಲೂ. ಅದಕ್ಕೇ ಎರಡು ಮೂರು ಸಾವಿರ ಹೊಡೆತದ ನಡುನಡುವೆ ಮತ್ತೆ ಮತ್ತೆ ನೋಡಬೇಕು. ಯೂರಿಕ್ ಆಸಿಡ್ ಕಲ್ಲಾದರೆ ಸಾದಾ ಎಕ್ಸ್-ರೇಗೆ ಕಾಣುವುದೇ ಇಲ್ಲ, ಅಲ್ಟ್ರಾಸೌಂಡ್ ಬೇಕು. ನಮ್ಮಲ್ಲಿ ಈ ತಾಪತ್ರಯ ಇಲ್ಲ. ಯಾವ ಕಲ್ಲೂ ಕಾಣುವುದಿಲ್ಲ, ಎಲ್ಲರೂ ಸಮಾನರು.

"ಹೊರಗೆ ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ" ಅಂದರು. ಅದನ್ನು ನೋಡಿಕೊಂಡು ಇಲ್ಲಿ ಹೊಡೆಯುತ್ತೀರಾ ಅಂದೆ. ಇಲ್ಲವಂತೆ, ಫೈಲಿಗೆ ಬೇಕಂತೆ.

ಸ್ಕ್ಯಾನ್ ಸೆಂಟರಿನಲ್ಲಿ ಒಂದು ಲೀಟರ್ ನೀರು ಕುಡಿಸಿ, ಟೋಕನ್ ಕೊಟ್ಟು, ತಡೆದುಕೊಂಡು ಕೂರಿ ಅಂದರು. ಎದುರಿಗೆ ದೊಡ್ಡ ಬೋರ್ಡು: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ. ಪಕ್ಕದಲ್ಲಿದ್ದ ಅಜ್ಜ ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿ, "ನಂದು ಗಂಡೋ ಹೆಣ್ಣೋ ಹೇಳಲ್ವಂತೆ, ಬಿಡಿ, ಯಾವುದಾದ್ರೂ ಸರಿ" ಅಂದರು. ಬಂದಿದ್ದ ನಗುವನ್ನು ನುಂಗಿಕೊಂಡೆ. ಒಂದು ಲೀಟರ್ ನೀರು ತುಂಬಿಕೊಂಡವನು ನಗಬಾರದು.

ಸಿಟಿ ಸ್ಕ್ಯಾನನ್ನೂ ಮಾಡಿಸಿ, ಸಿಡಿಗೆ ಹಾಕಿಸಿಕೊಂಡು ಬಂದೆ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಸಿಡಿ ಹಾಕಲು ಜಾಗವೇ ಇಲ್ಲ. "ಹೊಸ ಕಂಪ್ಯೂಟರ್ ಸಾರ್" ಅಂತ ಹೆಮ್ಮೆಯಿಂದ ಹೇಳಿದರು. ಡಾಕ್ಟರು ಪಾಪ, ಸಿಡಿಯನ್ನು ಕಿಟಕಿ ಬೆಳಕಿಗೆ ಹಿಡಿದು ಒಂದು ಸಲ ನೋಡಿದರು. ಅವರ ಮುಖವೇ ಕಂಡಿರಬೇಕು.

ನಮ್ಮೂರ ಹಿಂದಿನ ಗುಡ್ಡವನ್ನು ರಾತ್ರೋರಾತ್ರಿ ಜಲ್ಲಿ ಮಾಡಿ ಮುಗಿಸಿದರು. ಲೈಸೆನ್ಸ್ ಯಾರೂ ಕೇಳಲಿಲ್ಲ. ನನ್ನ ಒಂಬತ್ತು ಮಿಲಿಮೀಟರ್ ಕಲ್ಲಿಗೆ ಐದು ಸಹಿ.

ನನ್ನ ಕಥೆ ಬಿಡಿ, ನನಗೆ ಸಂಬಳ ಇದೆ, ರಜೆ ಇದೆ. ನನ್ನ ಹಿಂದೆ ಒಬ್ಬರು ಗಾರೆ ಕೆಲಸದವರು ಸೊಂಟ ಹಿಡಿದುಕೊಂಡು ಗೋಡೆಗೆ ಒರಗಿದ್ದರು. ಅವರದು ಮೂರನೇ ಸ್ಕ್ಯಾನ್. ಮೊದಲಿನದು ಹಳೆಯದಾಯಿತು, ಕಲ್ಲು ಜಾಗ ಬದಲಿಸಿರಬಹುದು ಅಂತ ಮತ್ತೆ ಬರೆದುಕೊಟ್ಟಿದ್ದಾರೆ. ಬದಲಿಸದೇ ಏನು ಮಾಡುತ್ತದೆ? ತಿಂಗಳುಗಟ್ಟಲೆ ಕಾಯಿಸಿದವರು ನೀವು. ಪ್ರತಿ ಸಲವೂ ಅವರ ದಿನಗೂಲಿ ಹೋಯಿತು, ಮೇಲೆ ಸ್ಕ್ಯಾನಿನ ದುಡ್ಡು. ಕೋಟಿ ಲೆಕ್ಕದಲ್ಲಿ ಮೆಷಿನ್ ತರಲು ಆಗುತ್ತದೆ, ಅದರ ಕಣ್ಣು ರಿಪೇರಿ ಮಾಡಿಸಲು ಆಗುವುದಿಲ್ಲ. ರಿಪೇರಿಗೆ ಯಾರೂ ಟೇಪ್ ಕಟ್ಟುವುದಿಲ್ಲ ನೋಡಿ. ಆ ಮನುಷ್ಯ ಕೂಗಾಡಲೂ ಇಲ್ಲ. ನೋವಿಗೆ ಬೆವರುತ್ತಿದ್ದರು ಅಷ್ಟೇ.

ಸೋಮವಾರ ಎಂಜಿನಿಯರ್ ಬರುತ್ತಾರೆ ಅಂತ ಇಬ್ಬರಿಗೂ ಚೀಟಿ ಕೊಟ್ಟರು. ಯಾವ ಸೋಮವಾರ ಅಂತ ಬರೆದಿಲ್ಲ.