ಬದುಕಿರುವವರಿಗೆ ಓಂ ಶಾಂತಿ

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಚಿಕ್ಕಪ್ಪ ಬದುಕಿದ್ದಾರೆ. ಮೂರು ದಿನದಿಂದ ಫೋನ್ ಮಾಡಿ, ದನಿ ತಗ್ಗಿಸಿ, "ಎಲ್ಲಾ ಕಾರ್ಯ ಮುಗಿಯಿತಾ?" ಎಂದು ಕೇಳುತ್ತಿರುವವರಿಗೆಲ್ಲ ಇದೇ ನನ್ನ ಉತ್ತರ. ನಿನ್ನೆ ಸಂಜೆ ಅವರು ಆಸ್ಪತ್ರೆಯ ಮಂಚದ ಮೇಲೆ ಎದ್ದು ಕುಳಿತು ಎರಡು ಇಡ್ಲಿ ತಿಂದರು. ಉಪ್ಪಿನಕಾಯಿ ಕೇಳಿದರು, ನಾವು ಕೊಡಲಿಲ್ಲ.

ಚಿಕ್ಕಪ್ಪ ಯಾರೆಂದು ಇಲ್ಲಿರುವ ಬಹಳ ಜನರಿಗೆ ಗೊತ್ತು. ಬಿಕ್ಕೋಡು ಕಡೆಯ ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ. ಅಪ್ಪ ಹೋದ ಮೇಲೆ ನನ್ನನ್ನು ಹಾಸನದ ಹಾಸ್ಟೆಲಿಗೆ ಸೇರಿಸಿ ಓದಿಸಿದವರು. ಮಂಗಳವಾರ ಬೆಳಿಗ್ಗೆ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುತ್ತಿದ್ದಾಗ ಅವರಿಗೆ ಎದೆ ಹಿಂಡಿದಂತಾಯಿತು. ಆ ಚಳಿಯಲ್ಲಿ ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಯಿತು. "ಗ್ಯಾಸ್ಟ್ರಿಕ್ ಕಣಪ್ಪ, ರಾತ್ರಿ ಹಲಸಂದೆ ಸಾರು ತಿಂದಿದ್ದೆ" ಎಂದರಂತೆ. ಹಾಲು ಹಾಕಲು ಬಂದಿದ್ದ ಪಕ್ಕದ ಮನೆಯ ಹುಡುಗ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕ್ಯಾನನ್ನು ಅಲ್ಲೇ ಬಿಟ್ಟು, ಗೂಡ್ಸ್ ಆಟೊದ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿದ. ಅಲ್ಲಿ ಈಸಿಜಿ ಮಾಡಿ, ಅದನ್ನು ದೊಡ್ಡಾಸ್ಪತ್ರೆಯ ತಜ್ಞರಿಗೆ ಕಳುಹಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್‌ನಲ್ಲಿ ಹಾಸನಕ್ಕೆ ಸಾಗಹಾಕಿದರು. ಒಂಬತ್ತೂವರೆಗೆ ನಾನು ಶಾಲೆಗೆ ರಜೆ ಹೇಳಿ ಆಸ್ಪತ್ರೆ ಸೇರುವಷ್ಟರಲ್ಲಿ ಅವರು ತೀವ್ರ ನಿಗಾ ಘಟಕದ ಒಳಗಿದ್ದರು.

ಹೊರಗಿನ ಬೆಂಚಿನ ಮೇಲೆ ಚಿಕ್ಕಮ್ಮ ಕುಳಿತಿದ್ದರು. ಕೈಯಲ್ಲಿ ಚಿಕ್ಕಪ್ಪನ ಚಪ್ಪಲಿ, ಮಡಿಲಲ್ಲಿ ಅವರ ಮೊಬೈಲ್. ಆ ಮೊಬೈಲ್ ಟಿಣ್ ಟಿಣ್ ಎನ್ನುತ್ತಲೇ ಇತ್ತು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿಕ್ಕಪ್ಪನ ಫೋಟೊ ಬಂದಿತ್ತು. ಹೋದ ವರ್ಷ ನನ್ನ ಮಗಳ ಮದುವೆಯಲ್ಲಿ ಪೇಟ ಕಟ್ಟಿಕೊಂಡು ನಕ್ಕ ಫೋಟೊ. ಅದಕ್ಕೆ ಹೂವಿನ ಹಾರದ ಚೌಕಟ್ಟು, ಎರಡು ದೀಪ. ಕೆಳಗೆ: "ಹಾಸನದಲ್ಲಿ ಹೃದಯಾಘಾತಕ್ಕೆ ಮತ್ತೊಂದು ಬಲಿ." ಅದರ ಕೆಳಗೆ ಸಾಲು ಸಾಲು ಓಂ ಶಾಂತಿ. ನಾನು ಆಮೇಲೆ ಎಣಿಸಿದೆ, ನಲವತ್ತಮೂರು.

ಚಿಕ್ಕಮ್ಮ ಅಳಲಿಲ್ಲ. ನನ್ನ ಮುಖವನ್ನೇ ನೋಡಿ, "ಒಳಗೆ ಏನಾಯಿತು? ಎಲ್ಲರಿಗೂ ಹೇಳಿ ನನಗೊಬ್ಬಳಿಗೇ ಮುಚ್ಚಿಟ್ಟಿದ್ದೀಯಾ?" ಎಂದರು. ನಾನು ಆಣೆ ಮಾಡಿದರೂ ನಂಬಲಿಲ್ಲ. ನಲವತ್ತಮೂರು ಜನ ಸುಳ್ಳು ಹೇಳುತ್ತಾರೆಯೇ? ಕೊನೆಗೆ ನರ್ಸ್ ಒಬ್ಬರ ಕೈ ಹಿಡಿದು ಬೇಡಿಕೊಂಡೆ. ಆ ಪುಣ್ಯಾತ್ಗಿತ್ತಿ ಚಿಕ್ಕಮ್ಮನನ್ನು ಗಾಜಿನ ಬಾಗಿಲಿನ ತನಕ ಕರೆದುಕೊಂಡು ಹೋಗಿ, ಒಳಗೆ ಚಿಕ್ಕಪ್ಪನಿಗೆ ಕೈ ಎತ್ತಲು ಹೇಳಿದರು. ಅವರು ಎತ್ತಿದರು. ಚಿಕ್ಕಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕುಳಿತರು.

ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ನಲವತ್ತಮೂರು ಜನರಲ್ಲಿ ಒಬ್ಬರಾದರೂ, ಒಂದೇ ಒಂದು ಫೋನ್ ಮಾಡಲಿಲ್ಲವಲ್ಲ! ಅವರೆಲ್ಲರ ಹತ್ತಿರ ಚಿಕ್ಕಮ್ಮನ ನಂಬರ್ ಇದೆ. ಹಾಲಿನ ಬಿಲ್ಲು ಒಂದು ದಿನ ತಡವಾದರೆ ಕರೆ ಮಾಡುವವರು ಅವರು.

ಇದನ್ನು ಬರೆಯುವಾಗ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2025ರ ಜೂನ್ ತಿಂಗಳು ನಿಮಗೆಲ್ಲ ನೆನಪಿದೆ. ದಿನ ಬೆಳಗಾದರೆ ಹಾಸನದಲ್ಲಿ ಹೃದಯಾಘಾತ ಎಂಬ ಸುದ್ದಿ. ಇಪ್ಪತ್ತಾಯಿತು, ಇಪ್ಪತ್ತೆರಡಾಯಿತು ಎಂದು ಎಲ್ಲ ಗುಂಪುಗಳಲ್ಲೂ ಲೆಕ್ಕ. ನಾನು ಕೂಡ ಆ ಲೆಕ್ಕವನ್ನು ನನ್ನ ಸಹಪಾಠಿಗಳಿಗೆ, ಬೆಂಗಳೂರಿನ ತಂಗಿಗೆ, ಮಕ್ಕಳ ಪೋಷಕರಿಗೆ ಕಳುಹಿಸಿದೆ. ಮುಖ್ಯಮಂತ್ರಿಗಳೇ ಕೋವಿಡ್ ಲಸಿಕೆಯ ಬಗ್ಗೆ ಅನುಮಾನ ಎತ್ತಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಏಮ್ಸ್ ನಡೆಸಿದ ಅಧ್ಯಯನಗಳಲ್ಲಿ ಲಸಿಕೆಗೂ ಹಠಾತ್ ಸಾವಿಗೂ ಸಂಬಂಧ ಕಂಡುಬಂದಿಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯ ಹೇಳಿತು. ಅಷ್ಟರಲ್ಲಿ ನಮ್ಮ ಜನ ನಸುಕಿಗೇ ಎದ್ದು ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತಿದ್ದರು. ಭಯಪಟ್ಟು ಬರಬೇಡಿ ಎಂದು ಅಲ್ಲಿನ ವೈದ್ಯರೇ ಕೇಳಿಕೊಳ್ಳಬೇಕಾಯಿತು.

ಜುಲೈನಲ್ಲಿ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿಯ ವರದಿ ಬಂತು. ಹಾಸನದಲ್ಲಿ ಹೃದಯಾಘಾತ ಅಸಹಜವಾಗಿ ಹೆಚ್ಚಿಲ್ಲ ಎಂದಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು, 4ಕ್ಕೆ ಬೇರೆ ಕಾರಣ. ಸತ್ತವರಲ್ಲಿ ಆಟೊ, ಟ್ಯಾಕ್ಸಿ ಓಡಿಸುವವರೇ ಗಣನೀಯವಾಗಿದ್ದರು. ಈ ವರದಿಯನ್ನು ನಾನು ಯಾರಿಗೂ ಕಳುಹಿಸಲಿಲ್ಲ. ಭಯದ ಲೆಕ್ಕವನ್ನು ಮನೆಮನೆಗೆ ಹಂಚಿದವಳು, ಆ ನಾಲ್ಕು ಸಾವುಗಳಿಗೆ ಕಾರಣ ಬೇರೆ ಎಂದು ತಿಳಿದ ಮೇಲೂ ಸುಮ್ಮನಿದ್ದೆ. ಆ ನಾಲ್ಕು ಮನೆಗಳಲ್ಲಿ ಅಳುತ್ತಿದ್ದವರ ಬಗ್ಗೆ ಮಂಗಳವಾರದವರೆಗೂ ನಾನು ಯೋಚಿಸಿರಲೇ ಇಲ್ಲ. ಈಗ ನಾಚಿಕೆಯಾಗುತ್ತಿದೆ.

ಬುಧವಾರ ರಾತ್ರಿ ಗುಂಪಿನಲ್ಲಿ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಎಂದು. ಒಬ್ಬ ತಮ್ಮ ಬರೆದ: "ಅಕ್ಕ, ಪ್ರೀತಿಯಿಂದ ಹಾಕಿದ್ದು, ತಪ್ಪು ತಿಳಿಯಬೇಡಿ. ಇಂಥ ಸುದ್ದಿ ಹಾಕಿದ್ದರಿಂದಲೇ ಜನರಿಗೆ ಎಚ್ಚರಿಕೆ ಬಂದಿದೆ. ಇಲ್ಲದಿದ್ದರೆ ನಿಮ್ಮ ಚಿಕ್ಕಪ್ಪನನ್ನು ಅಷ್ಟು ಬೇಗ ಕರೆದುಕೊಂಡು ಹೋಗುತ್ತಿದ್ದರಾ?"

ಈ ಮಾತಿಗೆ ನಾನು ರಾತ್ರಿಯೆಲ್ಲ ಉತ್ತರ ಹುಡುಕಿದೆ. ಆ ಗುಂಪಿನಿಂದ ಉಪಯೋಗವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆನೆಗಳು ಯಾವ ತೋಟದಲ್ಲಿವೆ ಎಂದು ಬೆಳಿಗ್ಗೆ ಅದರಲ್ಲೇ ನೋಡಿ ನಮ್ಮೂರಿನವರು ಕೆಲಸಕ್ಕೆ ಹೊರಡುತ್ತಾರೆ. ಆನೆಯ ಸುದ್ದಿ ಹಾಕುವವನು ಹೆಜ್ಜೆ ನೋಡಿಯೋ ಲದ್ದಿ ನೋಡಿಯೋ ಹಾಕುತ್ತಾನೆ, ಸುಳ್ಳಾದರೆ ಮಾರನೆಯ ದಿನ ಬೈಸಿಕೊಳ್ಳುತ್ತಾನೆ. ಮನುಷ್ಯನ ಸಾವಿನ ಸುದ್ದಿಗೆ ಮಾತ್ರ ಅಷ್ಟೂ ಬೇಡವೇ?

ಎಚ್ಚರಿಕೆಯ ಮಾತಂತೂ ನಿಜವಲ್ಲ. ಚಿಕ್ಕಪ್ಪ ಆ ಗುಂಪಿನ ಒಂದು ಸಂದೇಶವನ್ನೂ ಬಿಡದೆ ಓದುತ್ತಿದ್ದವರು. ಎಲ್ಲರಿಗಿಂತ ಮೊದಲು ಓಂ ಶಾಂತಿ ಹಾಕುತ್ತಿದ್ದವರೇ ಅವರು. ಅಷ್ಟೆಲ್ಲ ಓದಿಯೂ ತಮ್ಮ ಎದೆ ಹಿಂಡಿದಾಗ ಹಲಸಂದೆ ಸಾರಿನ ಮೇಲೆ ಹಾಕಿದರು. ಭಯ ಕಲಿಸಿದ್ದು ಅದನ್ನೇ, ತನಗೆ ಬಂದಿಲ್ಲ ಎಂದು ನಂಬುವುದನ್ನು. ಅವರನ್ನು ಉಳಿಸಿದ ಹುಡುಗನನ್ನು ನಾನೇ ಕೇಳಿದೆ, ನಿನಗೆ ಹೇಗೆ ಹೊಳೆಯಿತು ಎಂದು. ಆಶಾ ಕಾರ್ಯಕರ್ತೆ ಒಂದು ದಿನ ಡೈರಿಯ ಮುಂದೆ ನಿಂತು ಹೇಳಿದ್ದರಂತೆ: ಎದೆ ಭಾರ, ಎಡಗೈ ಅಥವಾ ದವಡೆ ಸೆಳೆತ, ಬೆವರು ಬಂದರೆ ಗ್ಯಾಸ್ಟ್ರಿಕ್ ಎನ್ನಬೇಡಿ, ಮೊದಲು ಈಸಿಜಿ ಮಾಡಿಸಿ, ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧಿ ಅದು, ಟೆನೆಕ್ಟೆಪ್ಲೇಸ್ ಎಂದು ಹೆಸರು. ಪುನೀತ್ ಹೋದಾಗ ಅವರಿಗೆ 46 ವರ್ಷ, 2021ರ ಅಕ್ಟೋಬರ್ 29. ಆ ದಿನ ನಮ್ಮ ಶಾಲೆಯಲ್ಲಿ ಮಕ್ಕಳು ಅತ್ತಿದ್ದರು. ಆ ಹುಡುಗನೂ ಅತ್ತವನೇ, ಅದಕ್ಕೇ ಯೋಜನೆಯ ಹೆಸರು ಮನಸ್ಸಿನಲ್ಲಿ ಉಳಿಯಿತು ಎಂದ. ನಾನು ನಮ್ಮೂರಿನ ಗುಂಪನ್ನು ಒಂದು ವರ್ಷ ಹಿಂದಕ್ಕೆ ಸರಿಸುತ್ತಾ ಹೋದೆ. ಆ ಇಂಜೆಕ್ಷನ್ ವಿಷಯ ಒಂದೇ ಒಂದು ಸಲವೂ ಬಂದಿಲ್ಲ. ಹಾರ ಹಾಕಿದ ಫೋಟೊಗಳಿಗೆ ಲೆಕ್ಕವಿಲ್ಲ.

ಅಪ್ಪ ಹೋದದ್ದೂ ಹೀಗೆಯೇ. ಅಂದೂ ಗ್ಯಾಸ್ಟ್ರಿಕ್ ಎಂದೇ ಸೋಡಾ ಕುಡಿಸಿದ್ದರು. ನಾನು ಆಗ ಹಾಸನದಲ್ಲಿ ಅತ್ತೆಯ ಮನೆಗೆ ಬಂದಿದ್ದೆ. ಸುದ್ದಿ ತಂದವರು ಊರಿನ ಒಬ್ಬ ಮಾವ. ಬಸ್ಸಿಳಿದು, ಜಗಲಿಯ ಕೆಳಗೇ ನಿಂತರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಕಾಫಿ ಬೇಡ ಎಂದರು. "ಅಪ್ಪನಿಗೆ ಸ್ವಲ್ಪ ಜಾಸ್ತಿಯಾಗಿದೆ, ನೋಡಬೇಕಂತೆ, ಹೊರಡು ಮಗಳೇ" ಎಂದಷ್ಟೇ ಹೇಳಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಪಕ್ಕದಲ್ಲೇ ಕುಳಿತು, ಕಿಟಕಿಯ ಹೊರಗೆ ನೋಡುತ್ತಿದ್ದರು. ಊರು ಇನ್ನು ಒಂದು ಮೈಲಿ ಇದೆ ಎನ್ನುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಆಗ ನನಗೆ ತಿಳಿಯಿತು. ಆ ಮಾವ ಓದಿದವರಲ್ಲ. ಸಾವಿನ ಸುದ್ದಿಯನ್ನು ಹೊತ್ತವನು ಆ ಮನೆಯ ತನಕ ಜೊತೆಯಲ್ಲಿ ಬರಬೇಕು ಎಂದು ಮಾತ್ರ ಅವರಿಗೆ ಗೊತ್ತಿತ್ತು.

ಓಂ ಶಾಂತಿ ಎಂದು ಬೆರಳಿನಲ್ಲಿ ಒತ್ತಿದ ಮೇಲೆ ನಾವು ಎಲ್ಲಿಗೆ ಹೋಗುತ್ತೇವೆ? ಅದರ ಕೆಳಗೆ ಶುಂಠಿಯ ರೇಟು, ಅದರ ಕೆಳಗೆ ಯಾರದೋ ಹುಟ್ಟುಹಬ್ಬದ ಕೇಕು. ಚಿಕ್ಕಪ್ಪನ ಫೋಟೊ ಬಂದ ಹನ್ನೆರಡನೇ ನಿಮಿಷಕ್ಕೆ ಅದೇ ಗುಂಪಿನಲ್ಲಿ ಪಕ್ಷ ಜಗಳ ಶುರುವಾಗಿತ್ತು, ಓಂ ಶಾಂತಿ ಹಾಕಿದವರ ನಡುವೆಯೇ.

ಚಿಕ್ಕಪ್ಪನನ್ನು ಸೋಮವಾರ ಮನೆಗೆ ಕಳುಹಿಸುತ್ತಾರೆ. ಅವರ ಮೊಬೈಲನ್ನು ನಾನೇ ಇಟ್ಟುಕೊಂಡಿದ್ದೇನೆ, ಎರಡು ಸಲ ಕೇಳಿದರೂ ಕೊಟ್ಟಿಲ್ಲ. ಆ ಫೋಟೊ ಇಂದು ಬೆಳಿಗ್ಗೆಯವರೆಗೂ ಗುಂಪಿನಲ್ಲಿ ಹಾಗೆಯೇ ಇದೆ. ಹಾಕಿದವರು ಇಲ್ಲಿಯೂ ನನ್ನ ಸ್ನೇಹಿತರ ಪಟ್ಟಿಯಲ್ಲಿದ್ದಾರೆ, ಇದನ್ನು ಓದುತ್ತಾರೆ. ಸೋಮವಾರದೊಳಗೆ ಅದನ್ನು ತೆಗೆಯಿರಿ. ತೆಗೆದ ಮೇಲೆ ಚಿಕ್ಕಮ್ಮನಿಗೆ ಒಂದು ಫೋನ್ ಮಾಡಿ. ಆಸ್ಪತ್ರೆಯಿಂದ ಹಿಂದಿರುಗಿದ ಅವರೇ ಈಗ ಎರಡು ಹೊತ್ತೂ ಡೈರಿಯಲ್ಲಿ ನಿಂತು ನಿಮ್ಮ ಹಾಲು ಅಳೆಯುತ್ತಿದ್ದಾರೆ. ಸಂಜೆ ಏಳರ ಮೇಲೆ ಬಿಡುವಾಗಿ ಸಿಗುತ್ತಾರೆ.