ಧಾತು ಸಂವತ್ಸರದ ಹನುಮಂತಪ್ಪ

ಮನೆತನದ ಇತಿಹಾಸ ಹುಡುಕಲು ಹೊರಟವರು ಮೊದಲು ಒಂದು ಪಟ್ಟಿ ಮಾಡಿಕೊಳ್ಳಬೇಕು. ಅದೂ ಬಿಡಿಸಿ ಬರೆಯಬೇಕು. ‘ಮುತ್ತಜ್ಜನ ಬಗ್ಗೆ ತಿಳಿಯುವುದು’ ಅಂತ ಬರೆದಿಟ್ಟರೆ ಆ ಸಾಲು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತದೆ. ಯಾರ ಬಗ್ಗೆ, ಏನು, ಯಾರನ್ನು ಕೇಳಬೇಕು, ಯಾವ ಕಾಗದ ನೋಡಬೇಕು ಅಂತ ಇರಬೇಕು. ಜಮೀನು ಯಾರ ಹೆಸರಲ್ಲಿದೆ ಅಂತ ತೋರಿಸುವ ಕಾಗದ ಪಹಣಿ. ಕಂಪ್ಯೂಟರಿನಲ್ಲಿ ಸಿಗುವ ಪಹಣಿ ಈಚಿನದು. ಹಳೆಯ ಕೈಬರಹದ ಪಹಣಿ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ, ಅದಕ್ಕೆ ಸರ್ವೆ ನಂಬರ್ ಬೇಕು. ಹೀಗಾಗಿ ನನ್ನ ಪಟ್ಟಿಯ ಮೊದಲ ಸಾಲು: ‘ದೊಡ್ಡಪ್ಪನಿಗೆ ಫೋನ್ ಮಾಡಿ ಸರ್ವೆ ನಂಬರ್ ಕೇಳುವುದು.’

ನಮ್ಮ ಕಡೆ ವಂಶವೃಕ್ಷ ಅಂತ ಬಾಯಿಬಿಡುವವರು ಎರಡೇ ಥರದವರು. ಸತ್ತವರ ಜಮೀನನ್ನು ತಮ್ಮ ಹೆಸರಿಗೆ ಪೌತಿ ಖಾತೆ ಮಾಡಿಸುವವರು, ಪಾಲು ಕೇಳುವವರು. ಪೌತಿ ಖಾತೆ ಯಾವತ್ತೋ ಆಗಿಹೋಗಿತ್ತು.

“ಸರ್ವೆ ನಂಬರ್ ಯಾಕಪ್ಪಾ?” ಅಂದರು ದೊಡ್ಡಪ್ಪ.

“ಸುಮ್ನೆ, ದೊಡ್ಡಪ್ಪ.”

ಸುಮ್ನೆ ಯಾರಾದರೂ ಸರ್ವೆ ನಂಬರ್ ಕೇಳುತ್ತಾರಾ? ಸಂಜೆಯೊಳಗೆ ಚಿಕ್ಕಪ್ಪನ ಫೋನ್ ಬಂತು. ಪಾಲು ಪತ್ರ ರಿಜಿಸ್ಟರ್ ಆಗಿದೆ, ನಿಮ್ಮಪ್ಪನೇ ಸಹಿ ಹಾಕಿದ್ದಾನೆ, ನೆನಪಿರಲಿ ಅಂದರು. ಅವರು ಇಡುತ್ತಿದ್ದಂತೆ ಅವರ ಮಗನೇ ಮಾಡಿದ. “ಕೇಸು ಹಾಕೋದಾದ್ರೆ ಹೇಳಣ್ಣ, ನಾನೂ ನಿನ್ನ ಕಡೆನೇ.” ಪಟ್ಟಿಗೆ ಹೊಸ ಸಾಲು ಸೇರಿತು: ‘ಊರಿಗೆ ಹೋಗಿ ಎಲ್ಲರನ್ನೂ ಸಮಾಧಾನ ಮಾಡುವುದು.’

ಮುಂದಿನ ಸಾಲು ಹುಟ್ಟಿದ ವರ್ಷಗಳದ್ದು. ಜನನ ಮರಣ ನೋಂದಣಿ ಕಾಯ್ದೆ ಆದದ್ದೇ 1969ರಲ್ಲಿ. ಅದಕ್ಕಿಂತ ಹಿಂದೆ ಹಳ್ಳಿಯಲ್ಲಿ ಹುಟ್ಟಿದವರಿಗೆ ಸರ್ಟಿಫಿಕೇಟ್ ಇದ್ದರೆ ಪುಣ್ಯ. ಶಾಲೆಯ ದಾಖಲೆ ತೆಗೆದರೆ ಅಪ್ಪ, ಚಿಕ್ಕಪ್ಪ, ಪಕ್ಕದ ಮನೆಯವರು ಎಲ್ಲರೂ ಜೂನ್ 1ಕ್ಕೇ ಹುಟ್ಟಿದವರು. ಹೆಡ್‌ಮಾಸ್ತರು ಶಾಲೆಗೆ ಸೇರಿಸಿಕೊಂಡ ದಿನ ಹಿಡಿದು ಹಿಂದಕ್ಕೆ ಎಣಿಸಿ ಬರೆದದ್ದು. ಕಾಗದದ ಪ್ರಕಾರ ಉಳುಮೆ ಶುರುವಾಗುವ ಹೊತ್ತಿಗೆ ಇಡೀ ಊರಿಗೆ ಬಾಣಂತನ.

ಕಾಗದ ಕೈಕೊಟ್ಟ ಮೇಲೆ ಉಳಿದವರು ಅತ್ತೆ.

“ಹನುಮಂತಪ್ಪಜ್ಜ ಧಾತು ಸಂವತ್ಸರದಲ್ಲಿ ಹುಟ್ಟಿದ್ದು, ಬರ್ಕೋ.”

ಖುಷಿಯಿಂದ ಬರೆದುಕೊಂಡೆ. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. 1876ರಲ್ಲಿ ಧಾತು, 1936ರಲ್ಲಿ ಮತ್ತೆ ಧಾತು. ಹೆಸರೂ ಹಾಗೇ, ನಮ್ಮಲ್ಲಿ ತಾತನದು ಮೊಮ್ಮಗನಿಗೆ. ಆ ಹನುಮಂತಪ್ಪನೂ ಈ ಹನುಮಂತಪ್ಪನೂ ಒಂದೇ ಮನೆ, ಒಂದೇ ಸಂವತ್ಸರ.

“ಯಾವ ಹನುಮಂತಪ್ಪ, ಅತ್ತೆ?”

“ಅದೇ, ಬರದಲ್ಲಿ ಹುಟ್ಟಿದೋನು.”

ಇದು ಒಳ್ಳೆ ಸುಳಿವು. ಧಾತು, ಈಶ್ವರ ಎರಡೂ ವರ್ಷ ಮೈಸೂರು ಸಂಸ್ಥಾನವನ್ನು ಅಲ್ಲಾಡಿಸಿದ ಬರ 1876-78ರದ್ದು. “ಧಾತು ಬರ ಅಲ್ವಾ?” ಅಂದೆ.

“ನಮ್ಮೂರಲ್ಲಿ ಬರ ಇಲ್ದಿದ್ ವರ್ಷ ಯಾವ್ದು, ನೀನೇ ಹೇಳು” ಅಂದರು ಅತ್ತೆ. “ಅದಿರ್ಲಿ, ನಿಮ್ಮ ಆಫೀಸಲ್ಲಿ ನಮ್ಮ ಮೊಮ್ಮಗಳಿಗೆ ಒಂದು ಒಳ್ಳೆ ಹುಡುಗ ನೋಡೋ. ಆಷಾಢದೊಳಗೆ ಮುಗಿಸ್ಬೇಕು.” ಅದನ್ನೂ ಬರೆದುಕೊಂಡೆ. ಇಡೀ ಪಟ್ಟಿಯಲ್ಲಿ ಗಡುವು ಇರುವ ಸಾಲು ಅದೊಂದೇ.

ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬಂದರು. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ಇವರೇ. ಹಿಂದೆಲ್ಲ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಿದ್ದರು. ನಾನು ಪಟ್ಟಿ, ಪೆನ್ನು ಹಿಡಿದು ಜಗಲಿಯಲ್ಲಿ ಕೂತೆ. ಮನೆಯವರೆಲ್ಲ ಸುತ್ತ ಕೂತರು. ಹೆಳವ ಪುಸ್ತಕ ಬಿಚ್ಚಿ ರಾಗವಾಗಿ ಶುರುಮಾಡಿದ. ಮೂಲಪುರುಷ ಎಲ್ಲಿಂದ ಬಂದ, ಅವನ ಮಕ್ಕಳು ಯಾರು, ಯಾವ ಮಗ ಯಾವ ಊರಿಗೆ ಹೋದ, ಎಲ್ಲ ಸರಸರ ಬಂತು. ಪೆನ್ನು ಓಡುತ್ತಲೇ ಇತ್ತು. ಹನುಮಂತಪ್ಪನ ಹತ್ತಿರ ಬಂದಾಗ “ಇವರಿಗೆ ಎರಡು ಮನೆ” ಅಂದ. “ಕಿರಿಯ ಹೆಂಡತಿ ಮಕ್ಕಳು ಹೊಳೆ ಆಚೆ ಇದ್ದಾರೆ.”

ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ಎದ್ದು ಒಳಗೆ ಹೋಗಿ, ಕೊಡಬೇಕಾದ ಜೋಳದ ಜೊತೆಗೆ ಇನ್ನೊಂದು ಚೀಲ ತಂದಿಟ್ಟರು. “ಆ ಕವಲು ಇನ್ಮೇಲೆ ಮೆಲ್ಲಗೆ ಓದಪ್ಪ” ಅಂದರು.

ಅತ್ತೆ ಮಾತ್ರ ಹೆಳವನ ಹತ್ತಿರಕ್ಕೆ ಸರಿದು ಕೂತರು. “ಹೊಳೆ ಆಚೆಯವರಲ್ಲಿ ಮದುವೆ ವಯಸ್ಸಿನ ಹುಡುಗ ಯಾರಾದ್ರೂ ಇದ್ದಾನಾ, ನೋಡು.”