ಮರದ ಮೇಲೆ ಕೂತಿದ್ದೆಲ್ಲ ಬಂದಳಿಕೆ ಅಲ್ಲ

ಬೆಳಿಗ್ಗೆ ಕಂಡದ್ದಕ್ಕೆ ಇನ್ನೂ ಹೊಟ್ಟೆ ಉರಿಯುತ್ತಿದೆ. ಪೇಟೆಯ ಒಂದು ಕಚೇರಿ ಆವರಣದಲ್ಲಿ ಹಳೇ ಮಾವಿನಮರವನ್ನು 'ಕ್ಲೀನ್' ಮಾಡಿಸುತ್ತಿದ್ದರು. ಏಣಿ ಹಾಕಿ, ಕತ್ತಿಯಿಂದ ತೊಗಟೆ ಕೆರೆದು, ಮರದ ಮೇಲೆ ಬೆಳೆಯುವ ಆರ್ಕಿಡ್ ಆದ ಸೀತಾಳೆ ದಂಡೆಯನ್ನು ರಾಶಿ ರಾಶಿ ಕೆಳಗೆ ಕೆಡವಿದ್ದರು. ಎಲ್ಲ ಮೊಗ್ಗು ಬಿಟ್ಟ ಗಿಡಗಳು! "ಯಾಕಪ್ಪಾ ಕೀಳ್ತಿದ್ದೀಯ?" ಅಂದೆ. "ಬಂದಳಿಕೆ ಅಲ್ವಾ ಅಕ್ಕಾ, ಮರದ ರಸ ಹೀರ್ತದೆ, ಎಲ್ಲಾ ತೆಗೀರಿ ಅಂದಿದಾರೆ" ಅಂದ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಹೇಳಿ ಮಾಡಿಸಿದವರ ಮೇಲಿದೆ. ಅದೇ ಮರದ ತುದಿಕೊಂಬೆಯಲ್ಲಿ ನಿಜವಾದ ಬಂದಳಿಕೆ ಪೊದೆಗಟ್ಟಿ ಬೆಳೆದಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಕತ್ತಿ ಎತ್ತುವ ಮೊದಲು ಬೇರು ಎಲ್ಲಿಗೆ ಹೋಗಿದೆ ಅಂತ ನೋಡಬೇಕು. ಬಂದಳಿಕೆಯ ಬೇರು ತೊಗಟೆ ಸೀಳಿ ಮರದೊಳಕ್ಕೆ ಇಳಿಯುತ್ತದೆ. ಕೂಡಿದ ಜಾಗ ಗಂಟುಗಟ್ಟಿ ಊದಿರುತ್ತದೆ, ನೆಲದಿಂದಲೇ ಕಾಣುತ್ತದೆ. ಎಲೆ ಹಸಿರಿರುವುದರಿಂದ ಅಡುಗೆಯೇನೋ ತಾನೇ ಮಾಡಿಕೊಳ್ಳುತ್ತದೆ, ಆದರೆ ನೀರು, ಲವಣ ಎಲ್ಲ ಮರದ್ದು. ಮಿತಿಮೀರಿದರೆ ಕೊಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಪರಾವಲಂಬಿ ಅಂದರೆ ಇದು.

ಸೀತಾಳೆ ದಂಡೆ ಅಪ್ಪುಗಿಡ. ಅದರ ಬೇರು ತೊಗಟೆಯ ಮೇಲೆ ಹರಿದಾಡುತ್ತದೆ ಹೊರತು ಒಳಗೆ ಇಳಿಯುವುದಿಲ್ಲ. ಬೇರಿಗೆ ಸ್ಪಂಜಿನಂಥ ಬಿಳಿ ಪದರವಿದೆ. ಮಳೆನೀರು, ಮಂಜು, ತೊಗಟೆ ಸಂದಿಯಲ್ಲಿ ಕೊಳೆತ ಎಲೆಪುಡಿಯ ಸತ್ವ, ಇವೇ ಅದರ ಊಟ. ಬೆಳಕು ಸಿಗುವ ಎತ್ತರದಲ್ಲಿ ಕೂರಲು ಜಾಗ ಬಿಟ್ಟರೆ ಮರದಿಂದ ಅದು ಏನನ್ನೂ ಕೇಳುವುದಿಲ್ಲ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟವಿಲ್ಲ. ಇಂಥದ್ದನ್ನು ರಸ ಹೀರುವ ಕಳ್ಳ ಅಂತ ಕರೆಯುವುದು ಅನ್ಯಾಯ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಹೂವಿನ ಬೀಜ ಧೂಳಿನಷ್ಟು ಸಣ್ಣದು, ಮೊಳಕೆಗೆ ಅಂತ ಬುತ್ತಿ ಕಟ್ಟಿಕೊಂಡು ಬರುವುದಿಲ್ಲ. ಒಂದು ಶಿಲೀಂಧ್ರ ಬೀಜದೊಳಗೆ ಹೊಕ್ಕು ಉಣಿಸಿದರೆ ಮಾತ್ರ ಅದು ಮೊಳೆಯುತ್ತದೆ. ಆರ್ಕಿಡ್‌ಗಳ ಈ ಗುಟ್ಟನ್ನು 1899ರಲ್ಲಿ ಕಂಡವರು ಫ್ರಾನ್ಸಿನ ನೋಯೆಲ್ ಬರ್ನಾರ್. ತೊಗಟೆ ಕೆರೆದು ಸುಣ್ಣ ಬಳಿದರೆ ಆ ಶಿಲೀಂಧ್ರಕ್ಕೂ ನೆಲೆಯಿಲ್ಲ, ಮುಂದೆ ಗಾಳಿಯಲ್ಲಿ ತೇಲಿ ಬರುವ ಬೀಜಕ್ಕೂ ದಿಕ್ಕಿಲ್ಲ. ಜೊತೆಗೆ ಕಲ್ಲುಹೂವನ್ನೂ ಕೆರೆದು ಹಾಕಿದ್ದರು. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವು ಒಂದು ಜೀವಿಯಲ್ಲ. ಶಿಲೀಂಧ್ರ ಮನೆ ಕಟ್ಟುತ್ತದೆ, ಅದರೊಳಗಿನ ಪಾಚಿ ಬಿಸಿಲಲ್ಲಿ ಆಹಾರ ಮಾಡಿ ಹಂಚುತ್ತದೆ. 1867ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಸೈಮನ್ ಶ್ವೆಂಡೆನರ್ ಇದು ಇಬ್ಬರ ಸಂಸಾರ ಅಂದಾಗ ದೊಡ್ಡ ದೊಡ್ಡವರೇ ಒಪ್ಪಿರಲಿಲ್ಲ. ಅದೂ ಮರದ ರಸಕ್ಕೆ ಬಾಯಿ ಹಾಕುವುದಿಲ್ಲ.

"ಭಾರಕ್ಕೆ ಕೊಂಬೆ ಮುರಿಯೋದಿಲ್ವಾ?" ಅಂತ ಕೇಳುವವರಿದ್ದೀರಿ. ಲಡ್ಡಾದ ಕೊಂಬೆ ಮುರಿಯಬಹುದು, ಒಪ್ಪುತ್ತೇನೆ. ಅದು ಸೀತಾಳೆ ಇಲ್ಲದೆಯೂ ಮುರಿಯುತ್ತದೆ. ಆಳೆತ್ತರದ ಗಟ್ಟಿ ಕಾಂಡದ ಮೇಲಿದ್ದ ಗಿಡ ಯಾವ ಕೊಂಬೆ ಮುರಿಯುತ್ತಿತ್ತು?

ಇನ್ನು ಬಂದಳಿಕೆಯನ್ನೂ ನಾನು ದ್ವೇಷಿಸುವುದಿಲ್ಲ. ಅದರ ಅಂಟಂಟು ಹಣ್ಣು ತಿಂದು, ಬೀಜವನ್ನು ಇನ್ನೊಂದು ಕೊಂಬೆಗೆ ಒರೆಸಿ ಹೋಗುವ ಪುಟ್ಟ ಹೂಕುಕ್ಕ ಹಕ್ಕಿ ಅದನ್ನೇ ನಂಬಿದೆ. ಹಳದಿ, ಕೆಂಪು ಬಣ್ಣದ ಕಾಮನ್ ಜೆಜೆಬೆಲ್ ಚಿಟ್ಟೆಯ ಮರಿಗಳು ಅದರ ಎಲೆ ತಿಂದೇ ಬೆಳೆಯುತ್ತವೆ. ತೋಟದ ಫಸಲಿನ ಮರಕ್ಕೆ ಹತ್ತಿದರೆ ಗಂಟಿನ ಕೆಳಗೆ ಕೊಂಬೆ ಸಮೇತ ಕಡಿಯಿರಿ, ನಾನೂ ಕಡಿಸುತ್ತೇನೆ. ಆದರೆ ಅದರ ಶಿಕ್ಷೆ ಸೀತಾಳೆಗೆ ಯಾಕೆ?

ನಮ್ಮಮ್ಮ ಹಿತ್ತಲಿನ ಹಲಸಿಗೆ ಕಟ್ಟಿದ್ದ ಸೀತಾಳೆ, ಅವಳು ಹೋದ ಮೇಲೂ ಮಳೆ ಹಿಡಿಯುವ ಹೊತ್ತಿಗೆ ಹೂ ಬಿಡುತ್ತದೆ. ಅದರ ಕೆಳಗೆ ನಿಂತು ಅತ್ತಿದ್ದೇನೆ. ಇವತ್ತು ಆ ಕಾಂಪೌಂಡಿನಲ್ಲಿ ನನ್ನ ದನಿ ಏರಿದ್ದಕ್ಕೆ ಅದೂ ಕಾರಣ.

ನಿಮ್ಮ ಕಡೆ ಮರ ಕಡಿದಾಗಲೋ ಗಾಳಿಗೆ ಬಿದ್ದಾಗಲೋ ಸೀತಾಳೆ ಸಿಕ್ಕರೆ, ಒರಟು ತೊಗಟೆಯ ಮರಕ್ಕೆ ತೆಂಗಿನ ನಾರು ಇಟ್ಟು, ಬಾಳೆಪಟ್ಟೆಯಿಂದ ಹದವಾಗಿ ಕಟ್ಟಿ. ಚೂರು ನೆರಳಿರಲಿ, ಬೇರಿಗೆ ಗಾಳಿಯಾಡಲಿ, ಮಣ್ಣು ಮಾತ್ರ ಮುಚ್ಚಬೇಡಿ. ಕಾಡಿಗೆ ಹೋಗಿ ಕಿತ್ತು ತರಬೇಡಿ, ಬಿದ್ದದ್ದನ್ನಷ್ಟೇ ಎತ್ತಿಕೊಳ್ಳಿ.